ಕಾರು ಒಬ್ಬರದು, ಚಾಲಕ ಇನ್ನೊಬ್ಬ: ವಿಮೆ ಯಾರ ಪಾಲಿಗೆ?

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯ ಸುತ್ತಮುತ್ತ ಓಡಾಡುವ ಕಾರುಗಳ ನೋಂದಣಿ ಪತ್ರಗಳನ್ನೂ, ಅವುಗಳನ್ನು ಓಡಿಸುವವರ ಚಾಲನಾ ಪರವಾನಗಿಗಳನ್ನೂ ಎದುರುಬದುರು ಇಟ್ಟು ಹೋಲಿಸಿದರೆ, ಎರಡರಲ್ಲಿಯೂ ಒಂದೇ ಹೆಸರು ಇರುವ ಪ್ರಸಂಗಗಳು ನಾವು ಭಾವಿಸಿದಷ್ಟು ಹೆಚ್ಚಾಗಿರಲಾರವು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅಣ್ಣನ ಹೆಸರಿನ ಕಾರು ಊರಿನಲ್ಲಿ ತಮ್ಮನ ಕೈಯಲ್ಲಿರುತ್ತದೆ. ಬ್ಯಾಂಕಿನ ಸಾಲಕ್ಕೆ ಅನುಕೂಲವೆಂದು ತಂದೆಯ ಹೆಸರಿನಲ್ಲಿ ಕೊಂಡ ವಾಹನದ ಸ್ಟೀರಿಂಗನ್ನು ಆ ತಂದೆ ಒಮ್ಮೆಯೂ ಹಿಡಿದಿರುವುದಿಲ್ಲ. ಎಡೆಯೂರಿನ ಜಾತ್ರೆಗೆ, ತಿಪಟೂರಿನ ಮದುವೆಗೆ, ತುಮಕೂರಿನ ಆಸ್ಪತ್ರೆಗೆ ಪಕ್ಕದ ಮನೆಯವರ ಕಾರನ್ನು ಕೇಳಿ ಪಡೆಯುವುದು ನಮ್ಮಲ್ಲಿ ಸಂಕೋಚದ ಸಂಗತಿಯೇ ಅಲ್ಲ. ರಜೆಯ ದಿನ ಶಿಂಷಾ ನದಿಯ ಜಲಾಶಯವನ್ನು ನೋಡಲು ರಾಜಧಾನಿಯಿಂದ ಬರುವ ಯುವಕರ ಗುಂಪುಗಳಲ್ಲಿಯೂ ಕಾರು ಒಬ್ಬರದು, ಪೆಟ್ರೋಲು ಎಲ್ಲರದು, ಚಾಲನೆ ಸರದಿಯ ಪ್ರಕಾರ ಎಂಬ ವ್ಯವಸ್ಥೆ ಸಾಮಾನ್ಯ.

ಇದರಲ್ಲಿ ಆಕ್ಷೇಪಿಸುವಂಥದು ಏನೂ ಇಲ್ಲ. ಆಸ್ತಿಯ ಹೆಸರು ಒಬ್ಬರದಾಗಿ ಬಳಕೆ ಹಲವರದಾಗಿರುವುದು ನಮ್ಮ ಕುಟುಂಬ ಪದ್ಧತಿಯ ಹಳೆಯ ಗುಣ. ಪ್ರಶ್ನೆ ಏಳುವುದು ಅಪಘಾತ ಸಂಭವಿಸಿದಾಗ. ಕಾರಿನ ವಿಮೆ ಇರುವುದು ಮಾಲೀಕನ ಹೆಸರಿನಲ್ಲಿ. ಚಕ್ರ ಇದ್ದದ್ದು ಇನ್ನೊಬ್ಬನ ಕೈಯಲ್ಲಿ. ಆಗ ವಿಮೆ ಯಾರನ್ನು ಕಾಯುತ್ತದೆ, ಯಾರನ್ನು ಕೈಬಿಡುತ್ತದೆ? ಈ ವಿಷಯದಲ್ಲಿ ಸುಶಿಕ್ಷಿತರಲ್ಲಿಯೂ ಎರಡು ವಿರುದ್ಧ ನಂಬಿಕೆಗಳಿವೆ. ಮಾಲೀಕನಲ್ಲದೆ ಬೇರೆಯವರು ಓಡಿಸಿದರೆ ವಿಮೆಯೇ ಇಲ್ಲ ಎಂಬುದು ಒಂದು. ‘ಫುಲ್ ಇನ್ಶೂರೆನ್ಸ್’ ಇದ್ದರೆ ಯಾರು ಓಡಿಸಿದರೂ ಎಲ್ಲವೂ ಸಿಗುತ್ತದೆ ಎಂಬುದು ಇನ್ನೊಂದು. ಎರಡೂ ಸರಿಯಲ್ಲ. ನಿಜವಾದ ಸ್ಥಿತಿ ಈ ಎರಡರ ನಡುವೆ ಇದೆ. ಅಲ್ಲಿರುವ ಒಂದು ದೊಡ್ಡ ಬಿರುಕಿನ ಕಡೆಗೆ ಓದುಗರ ಗಮನ ಸೆಳೆಯುವುದು ಈ ಲೇಖನದ ಉದ್ದೇಶ.

ಮೊದಲು ಕಾನೂನಿನ ತಳಹದಿಯನ್ನು ನೋಡೋಣ. ಬ್ರಿಟಿಷ್ ಭಾರತದ 1939ರ ಮೋಟಾರು ವಾಹನ ಕಾಯ್ದೆ ತೃತೀಯ ವ್ಯಕ್ತಿ ವಿಮೆಯನ್ನು ಕಡ್ಡಾಯಗೊಳಿಸಿತು. ಆ ಅಧ್ಯಾಯ ಜಾರಿಗೆ ಬಂದದ್ದು 1946ರ ಜುಲೈ 1ರಂದು. ಈಗಿರುವ 1988ರ ಕಾಯ್ದೆಯ 146ನೇ ಕಲಂ ಅದೇ ತತ್ತ್ವವನ್ನು ಮುಂದುವರಿಸಿದೆ. ವಿಮೆಯಿಲ್ಲದೆ ಯಾರೂ ಸಾರ್ವಜನಿಕ ಸ್ಥಳದಲ್ಲಿ ವಾಹನವನ್ನು ಬಳಸಕೂಡದು, ಬೇರೊಬ್ಬರು ಬಳಸಲು ಅವಕಾಶ ಕೊಡಲೂ ಕೂಡದು ಎಂಬುದು ಅದರ ಸಾರ. ಬೇರೊಬ್ಬರಿಗೆ ವಾಹನ ಕೊಡುವುದನ್ನು ಕಾನೂನು ನಿಷೇಧಿಸಿಲ್ಲ. ಕೊಡುವಾಗ ವಿಮೆ ಇರಬೇಕೆಂದು ಮಾತ್ರ ವಿಧಿಸಿದೆ. ಅಂದರೆ ಬಳಕೆದಾರ ಬೇರೆಯಾಗಿರಬಹುದೆಂಬ ಸಾಧ್ಯತೆಯನ್ನು ಕಾನೂನು ಮೊದಲೇ ಊಹಿಸಿತ್ತು.

ವಿಮಾ ಪಾಲಿಸಿಯ ಒಕ್ಕಣೆಯೂ ಇದಕ್ಕೆ ಅನುಗುಣವಾಗಿಯೇ ಇದೆ. ಖಾಸಗಿ ಕಾರಿನ ಪ್ರಮಾಣಿತ ಪಾಲಿಸಿಯಲ್ಲಿ ‘ಚಾಲಕರ ಷರತ್ತು’ ಎಂಬ ಭಾಗವಿದೆ. ವಿಮೆದಾರನೂ ಸೇರಿದಂತೆ ಯಾವುದೇ ವ್ಯಕ್ತಿ ವಾಹನವನ್ನು ಓಡಿಸಬಹುದು, ಆದರೆ ಅಪಘಾತದ ಸಮಯದಲ್ಲಿ ಆತನ ಬಳಿ ಊರ್ಜಿತ ಚಾಲನಾ ಪರವಾನಗಿ ಇರಬೇಕು ಮತ್ತು ಪರವಾನಗಿ ಹೊಂದುವುದರಿಂದ ಆತ ಅನರ್ಹಗೊಂಡಿರಬಾರದು ಎಂದು ಅದು ಹೇಳುತ್ತದೆ. ಕಲಿಕಾ ಪರವಾನಗಿ ಹೊಂದಿದವರೂ ಕೇಂದ್ರ ಮೋಟಾರು ವಾಹನ ನಿಯಮಗಳ 3ನೇ ನಿಯಮವನ್ನು ಪಾಲಿಸಿದ್ದರೆ, ಅಂದರೆ ಪಕ್ಕದಲ್ಲಿ ಪರವಾನಗಿಯುಳ್ಳ ಬೋಧಕನಿದ್ದು ವಾಹನಕ್ಕೆ ‘ಎಲ್’ ಫಲಕ ಹಾಕಿದ್ದರೆ, ಈ ಷರತ್ತಿನೊಳಗೆ ಬರುತ್ತಾರೆ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಯಾರು ಯಾರು ಓಡಿಸುತ್ತಾರೆಂಬುದನ್ನು ಹೆಸರಿಸಿ ಪಾಲಿಸಿಯಲ್ಲಿ ಬರೆಸಬೇಕು. ನಮ್ಮಲ್ಲಿ ಆ ಕಟ್ಟುಪಾಡಿಲ್ಲ. ನೆರೆಮನೆಯವರಿಂದ ಕಾರು ಪಡೆದವನು ಪರವಾನಗಿಯುಳ್ಳವನಾಗಿದ್ದು, ದಾರಿಹೋಕನಿಗೆ ಡಿಕ್ಕಿ ಹೊಡೆದರೆ, ಆ ದಾರಿಹೋಕನ ಪರಿಹಾರವನ್ನು ಮಾಲೀಕನ ವಿಮಾ ಕಂಪನಿಯೇ ಭರಿಸಬೇಕು. ಕಾರಿಗೆ ಪ್ಯಾಕೇಜ್ ಪಾಲಿಸಿ ಇದ್ದರೆ ಅದರ ದುರಸ್ತಿ ವೆಚ್ಚವೂ ದೊರೆಯುತ್ತದೆ.

ಪರವಾನಗಿಯ ಷರತ್ತನ್ನು ಮಾತ್ರ ಹಗುರವಾಗಿ ಕಾಣುವಂತಿಲ್ಲ. ಪರವಾನಗಿಯಿಲ್ಲದವನ ಕೈಗೆ ವಾಹನ ಕೊಡಬಾರದೆಂದು ಕಾಯ್ದೆಯ 5ನೇ ಕಲಂ ಮಾಲೀಕನಿಗೇ ಹೇಳುತ್ತದೆ. 2019ರ ತಿದ್ದುಪಡಿಯ ನಂತರ ಇದರ ಉಲ್ಲಂಘನೆಗೆ ದಂಡ 5,000 ರೂಪಾಯಿ. ಓಡಿಸಿದವನು ಅಪ್ರಾಪ್ತನಾಗಿದ್ದರೆ 199ಎ ಕಲಂ ಅನ್ವಯಿಸುತ್ತದೆ: ಪೋಷಕನಿಗೆ ಅಥವಾ ಮಾಲೀಕನಿಗೆ 3 ವರ್ಷಗಳವರೆಗಿನ ಸೆರೆವಾಸ, 25,000 ರೂಪಾಯಿ ದಂಡ, ಜೊತೆಗೆ 12 ತಿಂಗಳ ಕಾಲ ವಾಹನದ ನೋಂದಣಿ ರದ್ದು. ಈ ದಂಡ ತೆತ್ತ ತಂದೆ ತಾಯಂದಿರ ಸುದ್ದಿಯನ್ನು ನಮ್ಮ ಜಿಲ್ಲಾ ಪುಟಗಳಲ್ಲಿ ಆಗಾಗ ಓದುತ್ತಲೇ ಇದ್ದೇವೆ.

ಪರವಾನಗಿಯಿಲ್ಲದವನಿಂದ ಅಪಘಾತವಾದರೆ ವಿಮಾ ಕಂಪನಿಯ ಹೊಣೆ ಏನು? 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠ ಸ್ವರ್ಣ ಸಿಂಗ್ ಪ್ರಕರಣವೆಂದು ಪ್ರಸಿದ್ಧವಾದ ತೀರ್ಪಿನಲ್ಲಿ ಇದನ್ನು ವಿವರವಾಗಿ ಪರಿಶೀಲಿಸಿತು. ಪರವಾನಗಿ ಇರಲಿಲ್ಲವೆಂದು ತೋರಿಸಿದರಷ್ಟೇ ಸಾಲದು. ಷರತ್ತಿನ ಉಲ್ಲಂಘನೆಯಲ್ಲಿ ಮಾಲೀಕನ ಅರಿವು ಅಥವಾ ಅಜಾಗರೂಕತೆ ಇತ್ತೆಂಬುದನ್ನು ಕಂಪನಿಯೇ ಸಾಬೀತುಪಡಿಸಬೇಕು ಎಂದು ಪೀಠ ಹೇಳಿತು. ಉಲ್ಲಂಘನೆ ಸಾಬೀತಾದಾಗಲೂ, ಮೊದಲು ಸಂತ್ರಸ್ತನಿಗೆ ಹಣ ಕೊಟ್ಟು ನಂತರ ಅದನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ಕಂಪನಿಗೆ ಆದೇಶಿಸಬಹುದು. ಬೀದಿಯಲ್ಲಿ ಬಿದ್ದವನಿಗೆ ಇದರಿಂದ ನ್ಯಾಯ ಸಿಗುತ್ತದೆ. ಆದರೆ ಕಾರು ಕೊಟ್ಟವನ ಮನೆ, ತೋಟ ಹರಾಜಿಗೆ ಬರಬಹುದು. ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ಇನ್ನೊಂದು ಷರತ್ತು ಬಾಡಿಗೆಗೆ ಸಂಬಂಧಿಸಿದ್ದು. ಬಿಳಿ ಫಲಕದ ಖಾಸಗಿ ಕಾರನ್ನು ಬಾಡಿಗೆಗೆ ಅಥವಾ ಪ್ರತಿಫಲಕ್ಕೆ ಓಡಿಸುವುದು ಪಾಲಿಸಿಯ ಬಳಕೆಯ ಮಿತಿಯನ್ನು ಮೀರುತ್ತದೆ. ಸ್ನೇಹಿತ ತಾನೇ ಪೆಟ್ರೋಲು ತುಂಬಿಸಿಕೊಂಡು ಹೋಗಿ ಬಂದರೆ ಅದು ಎರವಲು. ದಿನಕ್ಕಿಷ್ಟು ಎಂದು ಹಣ ಪಡೆದರೆ ಅದು ಬಾಡಿಗೆ. ಎರಡನೆಯ ಸಂದರ್ಭದಲ್ಲಿ ಕಾರಿನ ನಷ್ಟದ ಬಾಬ್ತು ಕೈತಪ್ಪುವ ಸಂಭವ ಹೆಚ್ಚು. ಎರವಲು ಪಡೆದವನು ಕಾರನ್ನು ಜಖಂ ಮಾಡಿದಾಗ ಮಾಲೀಕನಿಗೆ ಇನ್ನೊಂದು ಸಣ್ಣ ನಷ್ಟವೂ ಉಂಟು. ವಿಮೆಯ ಹಣ ಪಡೆದರೆ ವರ್ಷಗಳಿಂದ ಕೂಡಿಬಂದ ‘ನೋ ಕ್ಲೈಮ್ ಬೋನಸ್’ ಹೋಗುತ್ತದೆ. ಹೋಗುವುದು ಓಡಿಸಿದವನದಲ್ಲ, ಪಾಲಿಸಿ ಯಾರ ಹೆಸರಿನಲ್ಲಿದೆಯೋ ಅವರದು.

ಇಲ್ಲಿಯವರೆಗೆ ಹೇಳಿದ್ದು ಮೂರು ಪಕ್ಷಗಳ ಮಾತು: ದಾರಿಯಲ್ಲಿದ್ದವನು, ಕಾರು, ಕಾರಿನ ಮಾಲೀಕ. ನಾಲ್ಕನೆಯವನೊಬ್ಬನಿದ್ದಾನೆ. ಅವನೇ ಚಾಲಕ. ಆತ ಸತ್ತರೆ ಅಥವಾ ಅಂಗವಿಕಲನಾದರೆ ಆತನ ಕುಟುಂಬಕ್ಕೆ ಏನು ಸಿಗುತ್ತದೆ? ನಾನು ಹೇಳಿದ ಬಿರುಕು ಇರುವುದು ಇಲ್ಲಿ.

ತನ್ನ ಕಾರನ್ನು ತಾನೇ ಓಡಿಸುವ ಮಾಲೀಕನಿಗೆ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ ಇದೆ. ಹಿಂದೆ ಅದರ ಮೊತ್ತ ದ್ವಿಚಕ್ರ ವಾಹನಕ್ಕೆ 1 ಲಕ್ಷ, ಕಾರಿಗೆ 2 ಲಕ್ಷ ರೂಪಾಯಿ ಇತ್ತು. ಮದ್ರಾಸ್ ಹೈಕೋರ್ಟಿನ ನಿರ್ದೇಶನದ ಹಿನ್ನೆಲೆಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2018ರ ಸೆಪ್ಟೆಂಬರಿನಲ್ಲಿ ಈ ಮೊತ್ತವನ್ನು ಎಲ್ಲ ವಾಹನಗಳಿಗೂ 15 ಲಕ್ಷ ರೂಪಾಯಿಗೆ ಏರಿಸಿತು. ಆಗ ನಿಗದಿಯಾದ ವಾರ್ಷಿಕ ಕಂತು 750 ರೂಪಾಯಿ. ಇದು ಸ್ವಾಗತಾರ್ಹ ಸುಧಾರಣೆಯಾಗಿತ್ತು. ಇದಕ್ಕೆ ಮೂರು ಷರತ್ತುಗಳಿವೆ. ಸತ್ತವನು ವಾಹನದ ನೋಂದಾಯಿತ ಮಾಲೀಕನಾಗಿರಬೇಕು, ಪಾಲಿಸಿ ಆತನ ಹೆಸರಿನಲ್ಲಿರಬೇಕು, ಆತನ ಬಳಿ ಊರ್ಜಿತ ಪರವಾನಗಿ ಇರಬೇಕು. ವಾಹನ ಕಂಪನಿಯ ಹೆಸರಿನಲ್ಲಿದ್ದರೆ ಈ ರಕ್ಷಣೆ ಇಲ್ಲ. ಮಾಲೀಕನಿಗೆ ಪರವಾನಗಿ ಇಲ್ಲದಿದ್ದರೂ ಇಲ್ಲ.

ನಮ್ಮ ಹಳ್ಳಿಗಳ ಮಟ್ಟಿಗೆ ಇದರ ಪರಿಣಾಮವನ್ನು ಊಹಿಸಿಕೊಳ್ಳಿ. ಜಮೀನಿನ ಪಹಣಿ ತಂದೆಯ ಹೆಸರಿನಲ್ಲಿದೆ, ಆದ್ದರಿಂದ ಸಾಲವೂ ಕಾರೂ ತಂದೆಯ ಹೆಸರಿನಲ್ಲಿವೆ. ತಂದೆಗೆ ಪರವಾನಗಿ ಇಲ್ಲ. ಆದುದರಿಂದ ಆತನಿಗೆ ಈ ವಿಮೆ ದೊರೆಯುವುದಿಲ್ಲ. ಓಡಿಸುವ ಮಗನಿಗೆ ಪರವಾನಗಿ ಇದೆ. ಆದರೆ ಆತ ಮಾಲೀಕನಲ್ಲ. ಹೀಗೆ ಆ ಕಾರಿನ ಸ್ಟೀರಿಂಗಿನ ಹಿಂದೆ ಕೂರುವ ಯಾರಿಗೂ ಆ 15 ಲಕ್ಷದ ರಕ್ಷಣೆ ಇಲ್ಲ.

ವೈಯಕ್ತಿಕ ಅಪಘಾತ ವಿಮೆ ಇಲ್ಲದಿದ್ದರೇನು, ತೃತೀಯ ವ್ಯಕ್ತಿ ವಿಮೆ ಇದೆಯಲ್ಲ, ಮಾಲೀಕನಲ್ಲದ ಮೇಲೆ ಚಾಲಕ ತೃತೀಯ ವ್ಯಕ್ತಿಯೇ ತಾನೇ ಎಂದು ಕೆಲವರು ಕೇಳಬಹುದು. ತರ್ಕಬದ್ಧವಾದ ಪ್ರಶ್ನೆ. ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮದೇ ರಾಜ್ಯದ ಎರಡು ಪ್ರಕರಣಗಳಲ್ಲಿ.

ಮೊದಲನೆಯದು ಉತ್ತರ ಕರ್ನಾಟಕದ ಇಳಕಲ್ಲಿನದು. ಒಬ್ಬಾತ ಪರಿಚಿತರ ಮೋಟಾರ್ ಸೈಕಲ್ ಪಡೆದು ಇಳಕಲ್ಲಿನಿಂದ ತನ್ನ ಊರಾದ ಗುಡೂರಿಗೆ ಹೊರಟಿದ್ದ. ಕಬ್ಬಿಣದ ತಗಡು ಹೇರಿಕೊಂಡು ಮುಂದೆ ಸಾಗುತ್ತಿದ್ದ ಎತ್ತಿನ ಗಾಡಿ ಹಠಾತ್ತನೆ ನಿಂತಿತು; ಅದಕ್ಕೆ ಡಿಕ್ಕಿ ಹೊಡೆದು ತೀವ್ರವಾಗಿ ಗಾಯಗೊಂಡ ಆತ ಆಸ್ಪತ್ರೆಯ ದಾರಿಯಲ್ಲಿ ಮೃತಪಟ್ಟ. ಆತನ ಪತ್ನಿ ಮತ್ತು ಮಗ, ಯಾರ ತಪ್ಪೆಂದು ಸಾಬೀತುಪಡಿಸುವ ಅಗತ್ಯವಿಲ್ಲದ 163ಎ ಕಲಮಿನಡಿ ಪರಿಹಾರ ಕೋರಿದರು. ನ್ಯಾಯಮಂಡಳಿ ಪರಿಹಾರ ಕೊಟ್ಟಿತು, ಹೈಕೋರ್ಟ್ ಅದನ್ನು ತಳ್ಳಿಹಾಕಿತು. 2009ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ಪ್ರಕಾರ, ವಾಹನವನ್ನು ಎರವಲು ಪಡೆದವನು ಮಾಲೀಕನ ಸ್ಥಾನದಲ್ಲೇ ನಿಲ್ಲುತ್ತಾನೆ; ಆ ಕಲಮಿನಡಿ ಪರಿಹಾರ ಕೊಡಬೇಕಾದವನು ಮಾಲೀಕ; ಒಬ್ಬನೇ ವ್ಯಕ್ತಿ ಕೊಡುವವನೂ ಪಡೆಯುವವನೂ ಆಗಲಾರ. ಆದರೂ ತಪ್ಪನ್ನು ಆಧರಿಸಿದ 166ನೇ ಕಲಮಿನಡಿ ಕುಟುಂಬಕ್ಕೆ ಏನಾದರೂ ದೊರೆಯಬಹುದೇ ಎಂದು ಪರಿಶೀಲಿಸುವಂತೆ ಪ್ರಕರಣವನ್ನು ಹೈಕೋರ್ಟಿಗೆ ಹಿಂದಿರುಗಿಸಿತು. ಎರವಲು ವಾಹನದ ಬಗೆಗಿನ ನಂತರದ ವ್ಯಾಜ್ಯಗಳಲ್ಲಿ ದೇಶದಾದ್ಯಂತ ಉಲ್ಲೇಖಗೊಳ್ಳುತ್ತ ಬಂದಿರುವುದು ಈ ಇಳಕಲ್ಲಿನ ದಾರಿಯ ಪ್ರಕರಣವೇ.

ಎರಡನೆಯದು ನಮ್ಮ ನೆರೆಯ ಅರಸೀಕೆರೆಯದು. 2014ರ ಜೂನ್ 18ರಂದು ಮಲ್ಲಸಂದ್ರ ಗ್ರಾಮದಿಂದ ಅರಸೀಕೆರೆಗೆ ಕುಟುಂಬದವರೊಡನೆ ಹೋಗುತ್ತಿದ್ದವರೊಬ್ಬರ ಕಾರು ಮೈಲನಹಳ್ಳಿ ಗೇಟಿನ ಬಳಿ ಮಗುಚಿ, ಓಡಿಸುತ್ತಿದ್ದ ಅವರು ಮೃತಪಟ್ಟರು. ಕಾರು ಅವರದಾಗಿರಲಿಲ್ಲ. ಕುಟುಂಬ 80 ಲಕ್ಷ ರೂಪಾಯಿ ಪರಿಹಾರ ಕೋರಿತು. ಅತಿವೇಗ ಮತ್ತು ಅಜಾಗರೂಕತೆಯ ಚಾಲನೆಯೇ ಕಾರಣವೆಂದು ಪೊಲೀಸರ ದೋಷಾರೋಪಪಟ್ಟಿ ಹೇಳಿತ್ತು. ನ್ಯಾಯಮಂಡಳಿ ಅರ್ಜಿಯನ್ನು ವಜಾ ಮಾಡಿತು. 2024ರ ನವೆಂಬರಿನಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. 2025ರ ಜುಲೈ ಆರಂಭದಲ್ಲಿ ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಲು ನಿರಾಕರಿಸಿತು. ಅತಿವೇಗದಿಂದ ಸತ್ತವರಿಗೆ ಪರಿಹಾರವಿಲ್ಲ ಎಂಬುದು ಮರುದಿನದ ಪತ್ರಿಕೆಗಳ ತಲೆಬರಹವಾಯಿತು. ಕಾರು ಇನ್ನೊಬ್ಬರದಾಗಿತ್ತು ಎಂಬ ಅಂಶ, ಅದರಿಂದ ಹುಟ್ಟುವ ಪ್ರಶ್ನೆ, ಸಾರ್ವಜನಿಕ ಚರ್ಚೆಯಲ್ಲಿ ಹೆಚ್ಚಾಗಿ ಕಾಣಿಸಲೇ ಇಲ್ಲ.

ನ್ಯಾಯಾಲಯಗಳನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ತೃತೀಯ ವ್ಯಕ್ತಿ ವಿಮೆಯ ಸ್ವರೂಪವೇ ಅಂಥದು. ಮಾಲೀಕನು ಇತರರಿಗೆ ತೆರಬೇಕಾದ ಹಣವನ್ನು ಆತನ ಪರವಾಗಿ ಕಂಪನಿ ತೆರುತ್ತದೆ. ಮಾಲೀಕ ಯಾರಿಗೂ ಬಾಧ್ಯನಲ್ಲದಿದ್ದರೆ ಕಂಪನಿಯೂ ಬಾಧ್ಯವಲ್ಲ. ತನ್ನ ತಪ್ಪಿನಿಂದಲೇ ತನಗಾದ ಹಾನಿಗೆ ಇನ್ನೊಬ್ಬರಿಂದ ಪರಿಹಾರ ಕೇಳುವಂತಿಲ್ಲ ಎಂಬ ತತ್ತ್ವವೂ ಹಳೆಯದೇ. ಅಪಘಾತಕ್ಕೆ ಎದುರಿನ ವಾಹನದ ತಪ್ಪು ಕಾರಣವಾಗಿದ್ದರೆ ಆ ವಾಹನದ ವಿಮೆಯಿಂದ ಪರಿಹಾರ ಪಡೆಯಲು ಎರವಲು ಚಾಲಕನ ಕುಟುಂಬಕ್ಕೆ ಯಾವ ಅಡ್ಡಿಯೂ ಇಲ್ಲ. ಕಷ್ಟವಿರುವುದು ಟೈರು ಸಿಡಿದಾಗ, ದನ ಅಡ್ಡ ಬಂದಾಗ, ರಾತ್ರಿ ದೀಪವಿಲ್ಲದ ಗಾಡಿ ಎದುರಾದಾಗ, ಕಣ್ಣು ಮಂಜಾಗಿ ಕಾರು ಮರಕ್ಕೆ ಬಡಿದಾಗ. ಅಂದರೆ, ಹೊಣೆ ಹೊರಿಸಲು ಇನ್ನೊಬ್ಬ ವಿಮೆದಾರ ಇಲ್ಲದಿರುವಾಗ.

ಅನ್ಯಾಯ ಇರುವುದು ಎರಡು ನಿಯಮಗಳ ಜೋಡಣೆಯಲ್ಲಿ. ತೃತೀಯ ವ್ಯಕ್ತಿ ಪರಿಹಾರ ಕೇಳಿದಾಗ ಎರವಲು ಚಾಲಕನನ್ನು ಕಾನೂನು ಮಾಲೀಕನೆಂದು ಭಾವಿಸಿ ಬಾಗಿಲು ಮುಚ್ಚುತ್ತದೆ. ಮಾಲೀಕನಿಗೆಂದೇ ಇರುವ 15 ಲಕ್ಷದ ವಿಮೆಯನ್ನು ಕೇಳಿದಾಗ ಪಾಲಿಸಿಯ ಷರತ್ತು ಆತನನ್ನು ಮಾಲೀಕನಲ್ಲವೆಂದು ಹೊರಗಿಡುತ್ತದೆ. ಭಾರ ಹೊರುವಾಗ ಒಡೆಯ, ಲಾಭ ಪಡೆಯುವಾಗ ಪರಕೀಯ. ಎರಡರಲ್ಲಿ ಒಂದು ನಿಜವಿರಬಹುದು. ಎರಡೂ ಏಕಕಾಲಕ್ಕೆ ನಿಜವಾಗುವುದು ಯಾವ ನ್ಯಾಯ?

ಸುಪ್ರೀಂ ಕೋರ್ಟಿಗೂ ಈ ವೈರುಧ್ಯ ಕಾಣದೆ ಇಲ್ಲ. 2020ರ ಜನವರಿಯಲ್ಲಿ ಎರವಲು ಮೋಟಾರ್ ಸೈಕಲ್ಲಿನ ಇನ್ನೊಂದು ಪ್ರಕರಣದಲ್ಲಿ, ಸವಾರ ಮಾಲೀಕನ ಸ್ಥಾನದಲ್ಲಿ ನಿಲ್ಲುವುದರಿಂದ 163ಎ ಅಡಿ ಆ ವಾಹನದ ವಿಮೆಯಿಂದ ಪರಿಹಾರವಿಲ್ಲ ಎಂದ ಪೀಠವೇ, ಪಾಲಿಸಿಯಲ್ಲಿ ಮಾಲೀಕನಿಗಿದ್ದ 1 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ಮೊತ್ತವನ್ನು ಕುಟುಂಬಕ್ಕೆ ಕೊಡಿಸಿತು. 2025ರ ಆಗಸ್ಟಿನಲ್ಲಿ ದ್ವಿಸದಸ್ಯ ಪೀಠವೊಂದು, 163ಎ ಕಲಮಿನಡಿ ಮಾಲೀಕನ ಸ್ಥಾನದಲ್ಲಿರುವವರ ಕುಟುಂಬಕ್ಕೆ ಪರಿಹಾರವನ್ನು ನಿರಾಕರಿಸುತ್ತ ಬಂದ ನಿಲುವೇ ಸರಿಯೇ ಎಂಬುದನ್ನು ವಿಸ್ತೃತ ಪೀಠದ ಪರಿಶೀಲನೆಗೆ ಕಳುಹಿಸಿತು. 2022ರ ಏಪ್ರಿಲ್ 1ರಿಂದ ಆ ಕಲಮಿನ ಸ್ಥಾನದಲ್ಲಿ 164ನೇ ಕಲಂ ಬಂದಿದ್ದು, ತಪ್ಪನ್ನು ಸಾಬೀತುಪಡಿಸದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿಯನ್ನು ಅದು ನಿಗದಿಪಡಿಸಿದೆ. ಆದರೆ ಪ್ರತಿ ಕುಟುಂಬವೂ ನ್ಯಾಯಾಲಯದ ಮೆಟ್ಟಿಲೇರಿ ಹತ್ತು ವರ್ಷ ಕಾಯಬೇಕೆಂದರೆ ಅದು ಪರಿಹಾರವಾಗುವುದಿಲ್ಲ. ಅರಸೀಕೆರೆಯ ಕುಟುಂಬ ಹನ್ನೊಂದು ವರ್ಷ ಕಾಯಿತು.

ಸಂಬಳ ಪಡೆಯುವ ಚಾಲಕನ ಸ್ಥಿತಿಯನ್ನು ಇದರೊಂದಿಗೆ ಹೋಲಿಸಿ ನೋಡಬೇಕು. ಆತ ಕೆಲಸದ ವೇಳೆ ಗಾಯಗೊಂಡರೆ ಅಥವಾ ಸತ್ತರೆ ಉದ್ಯೋಗಿ ಪರಿಹಾರದ ಕಾನೂನಿನ ಆಸರೆ ಇದೆ. ಆ ಹೊಣೆಯನ್ನು ವಿಮಾ ಕಂಪನಿಗೆ ವಹಿಸಲು ಖಾಸಗಿ ಕಾರಿನ ಮಾಲೀಕ ತೆರಬೇಕಾದ ಹೆಚ್ಚುವರಿ ಕಂತು ಚಾಲಕನೊಬ್ಬನಿಗೆ ವರ್ಷಕ್ಕೆ 50 ರೂಪಾಯಿ. ಕೂಲಿಗಾಗಿ ಓಡಿಸುವವನಿಗೆ ಶಾಸನ ಕಾವಲು ನಿಂತಿದೆ, ಅದು ಸರಿಯೇ. ಆದರೆ ಪಕ್ಕದ ಮನೆಯ ಗರ್ಭಿಣಿಯನ್ನು ಅವರದೇ ಕಾರಿನಲ್ಲಿ ನಡುರಾತ್ರಿ ಕುಣಿಗಲ್ಲಿನ ಆಸ್ಪತ್ರೆಗೆ ಕರೆದೊಯ್ಯುವ ಯುವಕನಿಗೆ ಏನೂ ಇಲ್ಲ. ಉಪಕಾರ ಮಾಡಿದವನಿಗಿಂತ ಉದ್ಯೋಗ ಮಾಡಿದವನೇ ಸುರಕ್ಷಿತ ಎಂಬುದು ಯಾವ ಶಾಸಕನ ಉದ್ದೇಶವೂ ಆಗಿರಲಾರದು.

ಪರಿಹಾರ ಸರಳವಾಗಿಯೇ ಇದೆ. ಕಡ್ಡಾಯ ವೈಯಕ್ತಿಕ ಅಪಘಾತ ವಿಮೆಯನ್ನು ನೋಂದಣಿ ಪತ್ರದ ಹೆಸರಿಗೆ ಕಟ್ಟುವ ಬದಲು, ಮಾಲೀಕನ ಒಪ್ಪಿಗೆಯಿಂದ ಓಡಿಸುತ್ತಿರುವ, ಊರ್ಜಿತ ಪರವಾನಗಿಯುಳ್ಳ ಯಾವುದೇ ಚಾಲಕನಿಗೆ ಅನ್ವಯಿಸುವಂತೆ ಮಾಡಬೇಕು. ಇದಕ್ಕೆ ಸಂಸತ್ತಿನ ಹೊಸ ಕಾಯ್ದೆ ಬೇಕಿಲ್ಲ. 2018ರಲ್ಲಿ ಮೊತ್ತವನ್ನು 15 ಲಕ್ಷಕ್ಕೆ ಏರಿಸಿದ್ದು ಪ್ರಾಧಿಕಾರದ ಒಂದು ಸುತ್ತೋಲೆ. ಷರತ್ತಿನ ಒಕ್ಕಣೆಯನ್ನು ಬದಲಿಸಲೂ ಅದೇ ಮಾರ್ಗ ಸಾಕು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನಿಗೆ ಇದರ ವೆಚ್ಚದ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ರಕ್ಷಣೆಯನ್ನು ವಿಸ್ತರಿಸಿದರೆ ಕಂತು ಏರುವುದಿಲ್ಲವೇ? ಏರಬಹುದು, ಆದರೆ ಹೆದರುವಷ್ಟಲ್ಲ. ಒಂದು ಕಾರನ್ನು ಹತ್ತು ಮಂದಿ ಓಡಿಸಬಹುದು, ಆದರೆ ಒಂದು ಕ್ಷಣದಲ್ಲಿ ಸ್ಟೀರಿಂಗಿನ ಹಿಂದೆ ಇರುವವನು ಒಬ್ಬನೇ. ಅಪಾಯದ ಪ್ರಮಾಣ ಕಾರು ರಸ್ತೆಯಲ್ಲಿರುವ ಅವಧಿಯನ್ನು ಅವಲಂಬಿಸುತ್ತದೆಯೇ ಹೊರತು, ಅದನ್ನು ಓಡಿಸಬಲ್ಲವರ ಸಂಖ್ಯೆಯನ್ನಲ್ಲ. ಈಗ ಮಾಲೀಕ ಓಡಿಸುವ ಗಂಟೆಗಳಿಗೆ ರಕ್ಷಣೆ ಇದೆ, ಇತರರು ಓಡಿಸುವ ಗಂಟೆಗಳಿಗಿಲ್ಲ. ಈ ಎರಡನ್ನೂ ಸೇರಿಸಿ ಕಂತನ್ನು ಲೆಕ್ಕ ಹಾಕಿದರಾಯಿತು. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ 1,000ದಿಂದ 1,500 ಸಿಸಿ ಸಾಮರ್ಥ್ಯದ ಕಾರಿನ ತೃತೀಯ ವ್ಯಕ್ತಿ ಕಂತು 3,416 ರೂಪಾಯಿ ಇತ್ತು. ಅದನ್ನು ಕಟ್ಟುವ ಕುಟುಂಬ ಮನೆಮಂದಿಗೆಲ್ಲ ಅನ್ವಯಿಸುವ 15 ಲಕ್ಷದ ರಕ್ಷಣೆಗಾಗಿ ಇನ್ನು ಕೆಲವು ನೂರು ರೂಪಾಯಿ ಕೊಡಲು ಹಿಂಜರಿಯಲಾರದು.

ಎರಡನೆಯ ಆಕ್ಷೇಪ, ಹೀಗೆ ಮಾಡಿದರೆ ಚಾಲಕರು ಅಜಾಗರೂಕರಾಗುತ್ತಾರೆ ಎಂಬುದು. ತನ್ನ ಪ್ರಾಣ ಹೋದರೆ ಮನೆಯವರಿಗೆ ಹಣ ಸಿಗುತ್ತದೆಂದು ಯಾರೂ ವೇಗ ಹೆಚ್ಚಿಸುವುದಿಲ್ಲ. ಮದ್ಯಪಾನ ಮಾಡಿ ಓಡಿಸಿದವರನ್ನು ಈ ವಿಮೆಯ ಷರತ್ತು ಈಗಲೂ ಹೊರಗಿಟ್ಟಿದೆ, ಮುಂದೆಯೂ ಇಡಲಿ. ಮೂರನೆಯದು ಮಾಲೀಕನ ಒಪ್ಪಿಗೆಯ ಕುರಿತ ಅನುಮಾನ. ಕಾರು ಕಳವಾಗಿದೆಯೆಂಬ ದೂರು ಇಲ್ಲದಿದ್ದರೆ ಒಪ್ಪಿಗೆ ಇತ್ತೆಂದು ಭಾವಿಸಬಹುದು. ತೃತೀಯ ವ್ಯಕ್ತಿಯ ಪರಿಹಾರವನ್ನು ತೀರ್ಮಾನಿಸುವಾಗ ಎದ್ದು ಬಗೆಹರಿಯುವ ಪ್ರಶ್ನೆಗಿಂತ ಇದು ಹೆಚ್ಚು ಜಟಿಲವಾದುದಲ್ಲ. 2019ರ ಜನವರಿಯಿಂದ ಈ ವಿಮೆಯನ್ನು ಪ್ರತ್ಯೇಕವಾಗಿ ಕೊಳ್ಳಲು, ಹಲವು ವಾಹನಗಳುಳ್ಳವರು ಒಂದನ್ನೇ ಕೊಳ್ಳಲು ಪ್ರಾಧಿಕಾರ ಅವಕಾಶ ಕೊಟ್ಟಿತು. ಹಲವು ವಾಹನಗಳ ಒಬ್ಬ ಒಡೆಯನ ಅನುಕೂಲವನ್ನು ಚಿಂತಿಸಿದ ಪ್ರಾಧಿಕಾರ, ಒಂದೇ ವಾಹನದ ಹಲವು ಚಾಲಕರ ಬಗೆಗೂ ಚಿಂತಿಸಬೇಕಲ್ಲವೇ?

ಇದೇ ಬಿರುಕಿನ ಇನ್ನೊಂದು ಮುಖ ಹಳೆಯ ವಾಹನಗಳ ಮಾರಾಟದಲ್ಲಿ ಕಾಣುತ್ತದೆ. ಅಲ್ಲಿ ನಿಜವಾದ ಒಡೆಯನೇ ಬೇರೆ, ನೋಂದಣಿ ಪತ್ರದ ಒಡೆಯನೇ ಬೇರೆ. ಸಹಿ ಹಾಕಿದ ಖಾಲಿ ನಮೂನೆಗಳನ್ನು ಕೊಟ್ಟು, ಹಣ ಎಣಿಸಿಕೊಂಡು, ಕಾರು ತನ್ನದಲ್ಲವೆಂದು ನೆಮ್ಮದಿಯಿಂದಿರುವವರು ಎಷ್ಟೋ ಮಂದಿ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಕಾರು ಕೈಯಿಂದ ಕೈಗೆ ಮಾರಾಟವಾಗಿದ್ದರೂ ಅಪಘಾತದ ದಿನ ನೋಂದಣಿ ಪತ್ರದಲ್ಲಿ ಯಾರ ಹೆಸರಿತ್ತೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ತೀರ್ಮಾನಿಸಿತು. ವಾಹನ ಮಾರಿದಾಗ ತೃತೀಯ ವ್ಯಕ್ತಿ ವಿಮೆ 157ನೇ ಕಲಮಿನಂತೆ ಕೊಂಡವನಿಗೆ ತಾನಾಗಿ ವರ್ಗಾವಣೆಯಾಗುತ್ತದೆ. ಕಾರಿನ ಸ್ವಂತ ನಷ್ಟದ ವಿಮೆ ಹಾಗೆ ವರ್ಗಾವಣೆಯಾಗುವುದಿಲ್ಲ. ಅದಕ್ಕಾಗಿ ಕೊಂಡವನು 14 ದಿನಗಳೊಳಗೆ ಕಂಪನಿಗೆ ಅರ್ಜಿ ಕೊಡಬೇಕು.

ಮಾಲೀಕ ತೀರಿಕೊಂಡಾಗಲೂ ಇದೇ ತೊಡಕು. ತಂದೆಯ ಹೆಸರಿನ ಕಾರನ್ನು ವರ್ಷಗಳ ಕಾಲ ಹಾಗೆಯೇ ಓಡಿಸುವುದು ನಮ್ಮಲ್ಲಿ ರೂಢಿ. ಆದರೆ ಏಕೈಕ ವಿಮೆದಾರ ಮೃತಪಟ್ಟರೆ ಪಾಲಿಸಿ ಮೂರು ತಿಂಗಳು ಅಥವಾ ಅದರ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ ಉಳಿಯುತ್ತದೆ. ಅಷ್ಟರೊಳಗೆ ವಾರಸುದಾರರು ಅದನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಸಾರಿಗೆ ಕಚೇರಿಗೆ 30 ದಿನಗಳಲ್ಲಿ ಮರಣದ ಮಾಹಿತಿ ಕೊಟ್ಟು, ಮೂರು ತಿಂಗಳೊಳಗೆ ವರ್ಗಾವಣೆಯ ಅರ್ಜಿ ಸಲ್ಲಿಸಬೇಕು. 2021ರ ತಿದ್ದುಪಡಿಯಿಂದ ನೋಂದಣಿ ಪತ್ರದಲ್ಲಿ ನಾಮನಿರ್ದೇಶನ ಮಾಡಲು ಅವಕಾಶ ಬಂದಿದೆ. ಬ್ಯಾಂಕ್ ಖಾತೆಗೆ ನಾಮಿನಿ ಬರೆಸುವ ನಾವು ಕಾರಿಗೂ ಬರೆಸುವುದು ವಿವೇಕ.

ನಿಯಮ ಬದಲಾಗುವವರೆಗೆ ಓದುಗರು ಮಾಡಬಹುದಾದದ್ದು ಏನು? ಮುಂದಿನ ಬಾರಿ ವಿಮೆ ನವೀಕರಿಸುವಾಗ ಕಂತಿನ ಮೊತ್ತವನ್ನಷ್ಟೇ ನೋಡದೆ, ಕಾರನ್ನು ನಿಜವಾಗಿ ಓಡಿಸುವವರು ಯಾರು ಎಂಬ ಪ್ರಶ್ನೆಯನ್ನು ಮನೆಯಲ್ಲಿ ಕೇಳಿಕೊಳ್ಳಬೇಕು. ಓಡಿಸುವವನು ಮಗನಾಗಿದ್ದರೆ ಕಾರನ್ನು ಅವನ ಹೆಸರಿನಲ್ಲೇ ಕೊಳ್ಳುವುದು ಮೇಲು. ಅದು ಸಾಧ್ಯವಿಲ್ಲದಿದ್ದರೆ, ಹೆಸರಿಸಿದ ವ್ಯಕ್ತಿಗಳಿಗೆ ವೈಯಕ್ತಿಕ ಅಪಘಾತ ರಕ್ಷಣೆ ಕೊಡುವ ಅನುಬಂಧವನ್ನು ಕೇಳಿ ಪಾಲಿಸಿಗೆ ಸೇರಿಸಿಕೊಳ್ಳಬಹುದು. ಇದಕ್ಕಿಂತಲೂ ಉತ್ತಮವಾದದ್ದು ಪ್ರತಿಯೊಬ್ಬ ಚಾಲಕನೂ ವಾಹನಕ್ಕೆ ಸಂಬಂಧಿಸದ ಪ್ರತ್ಯೇಕ ವೈಯಕ್ತಿಕ ಅಪಘಾತ ಪಾಲಿಸಿಯನ್ನು ಹೊಂದಿರುವುದು. ಯಾರ ಕಾರನ್ನು ಓಡಿಸಿದರೂ ಅದು ಅವನ ಜೊತೆಗಿರುತ್ತದೆ. ಸಂಬಳದ ಚಾಲಕನಿದ್ದರೆ ಆ 50 ರೂಪಾಯಿಯ ಬಾಬ್ತು ಪಾಲಿಸಿಯಲ್ಲಿ ನಮೂದಾಗಿದೆಯೇ ನೋಡಬೇಕು. ಬರೀ ತೃತೀಯ ವ್ಯಕ್ತಿ ಪಾಲಿಸಿಯಲ್ಲಿ ಖಾಸಗಿ ಕಾರಿನ ಒಳಗೆ ಕುಳಿತ ಬಂಧುಮಿತ್ರರಿಗೆ ರಕ್ಷಣೆ ಸಿಗುವುದು ಕಷ್ಟ. ಪ್ಯಾಕೇಜ್ ಪಾಲಿಸಿಯಲ್ಲಿ ಅದು ಇದೆಯೆಂದು ಪ್ರಾಧಿಕಾರ 2009ರ ನವೆಂಬರಿನಲ್ಲೇ ಸ್ಪಷ್ಟಪಡಿಸಿದೆ. ಮತ್ತು, ಕಾರು ಕೇಳಲು ಬಂದವರ ಪರವಾನಗಿಯನ್ನು ಒಮ್ಮೆ ನೋಡುವುದರಲ್ಲಿ ಅಗೌರವವೇನೂ ಇಲ್ಲ. ಸಾಲ ಕೊಡುವಾಗ ಪತ್ರ ಬರೆಸುತ್ತೇವೆ. ಅದಕ್ಕಿಂತ ದೊಡ್ಡ ಹೊಣೆಯನ್ನು ಕೀಲಿಯ ಜೊತೆಗೆ ದಾಟಿಸುವಾಗ ಇಷ್ಟು ಎಚ್ಚರ ಸಾಲದಾಗಬಾರದು.

ವಾಹನವನ್ನು ಕೊಡು-ಕೊಳ್ಳುವ ಸೌಹಾರ್ದ ನಮ್ಮ ಊರುಗಳಲ್ಲಿ ಉಳಿಯಬೇಕು. ಬಸ್ಸಿನ ಸೌಕರ್ಯ ಸಾಲದ ಕಡೆ, ಆಂಬುಲೆನ್ಸ್ ತಡವಾಗುವ ಕಡೆ, ಆ ಸೌಹಾರ್ದವೇ ಎಷ್ಟೋ ಜೀವಗಳನ್ನು ಉಳಿಸಿದೆ. ಅಂಥ ನೆರವಿಗೆ ಹೊರಟವನು ದಾರಿಯಲ್ಲಿ ಸತ್ತರೆ ಆತನ ಮನೆಯವರು ಬರಿಗೈಯಲ್ಲಿ ಹಿಂದಿರುಗುವಂತಾಗಬಾರದು. ಕಾರಿನ ಗಾಜಿಗೂ ಬಾಗಿಲಿಗೂ ಯಾರು ಓಡಿಸಿದರೆಂದು ನೋಡದೆ ಬೆಲೆ ಕಟ್ಟಿಕೊಡುವ ಪಾಲಿಸಿಯಲ್ಲಿ, ಅದನ್ನು ಓಡಿಸಿದ ಮನುಷ್ಯನಿಗೂ ಒಂದು ಸಾಲು ಮೀಸಲಾಗಲಿ. ಆ ಸಾಲನ್ನು ಬರೆಯುವ ಅಧಿಕಾರ ಹೈದರಾಬಾದಿನಲ್ಲಿರುವ ವಿಮಾ ನಿಯಂತ್ರಣ ಪ್ರಾಧಿಕಾರದ ಕೈಯಲ್ಲಿದೆ. ಅದನ್ನು ಬರೆಯುವಂತೆ ಒತ್ತಾಯಿಸಬೇಕಾದವರು ಪ್ರತಿ ವರ್ಷ ತಪ್ಪದೆ ಕಂತು ಕಟ್ಟುವ ನಾವು.